ದತ್ತಾಂಶದ ಕೀಲಿಕೈ ಯಾರ ಬಳಿ ಇರಬೇಕು?

2021ರ ಆಗಸ್ಟ್ 3ರಂದು ಫೇಸ್‌ಬುಕ್ ಕಂಪನಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೆಲವು ಸಂಶೋಧಕರ ಖಾತೆಗಳನ್ನು ಮುಚ್ಚಿತು. ಲಾರಾ ಎಡೆಲ್ಸನ್ ಮತ್ತು ಡೇಮನ್ ಮೆಕಾಯ್ ನೇತೃತ್ವದ ಆ ತಂಡ ರಾಜಕೀಯ ಜಾಹೀರಾತುಗಳ ಬೆನ್ನು ಹತ್ತಿತ್ತು. ಸಾವಿರಾರು ಸ್ವಯಂಸೇವಕರು ತಮ್ಮ ಬ್ರೌಸರಿಗೆ ಒಂದು ಪುಟ್ಟ ತಂತ್ರಾಂಶವನ್ನು ತಾವಾಗಿಯೇ ಹಾಕಿಕೊಂಡಿದ್ದರು. ಫೇಸ್‌ಬುಕ್ ತೆರೆದಾಗ ಅವರಿಗೆ ಕಾಣಿಸಿದ ಜಾಹೀರಾತುಗಳ ಪ್ರತಿ ಸಂಶೋಧಕರಿಗೆ ಹೋಗುತ್ತಿತ್ತು. ಯಾವ ಪಕ್ಷದ ಹಣ ಯಾವ ಮತದಾರರನ್ನು ಗುರಿಯಾಗಿಸಿಕೊಂಡಿದೆ, ರಾಜಕೀಯ ಜಾಹೀರಾತು ಎಂಬ ಗುರುತಿಲ್ಲದೆ ನುಸುಳಿದವು ಎಷ್ಟು ಎಂಬುದನ್ನು ಅವರು ಲೆಕ್ಕ ಹಾಕುತ್ತಿದ್ದರು.

ಖಾತೆ ಮುಚ್ಚಲು ಕಂಪನಿ ಕೊಟ್ಟ ಕಾರಣ ಖಾಸಗಿತನ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತನಗೆ ವಿಧಿಸಿರುವ ಆದೇಶದಂತೆ ಬಳಕೆದಾರರ ಮಾಹಿತಿಯನ್ನು ಕಾಯಬೇಕಾಗಿದೆ ಎಂದು ಅದು ಹೇಳಿತು. ಎರಡೇ ದಿನಗಳಲ್ಲಿ ಆ ಕಮಿಷನ್ನಿನ ಗ್ರಾಹಕ ರಕ್ಷಣಾ ವಿಭಾಗದ ಹಂಗಾಮಿ ನಿರ್ದೇಶಕ ಸ್ಯಾಮುಯೆಲ್ ಲೆವಿನ್ ಅವರು ಮಾರ್ಕ್ ಝುಕರ್‌ಬರ್ಗ್ ಅವರಿಗೆ ಪತ್ರ ಬರೆದರು. ಸಾರ್ವಜನಿಕ ಹಿತಕ್ಕಾಗಿ ಪ್ರಾಮಾಣಿಕವಾಗಿ ನಡೆಯುವ ಸಂಶೋಧನೆಗೆ ನಮ್ಮ ಆದೇಶ ಅಡ್ಡಿಯಲ್ಲ ಎಂಬುದು ಅದರ ತಾತ್ಪರ್ಯ. ಅಷ್ಟು ಹೊತ್ತಿಗಾಗಲೇ ಮೊಝಿಲ್ಲಾ ಸಂಸ್ಥೆ ಆ ತಂತ್ರಾಂಶದ ಒಳಗನ್ನು ಪರಿಶೀಲಿಸಿ, ಸ್ವಯಂಸೇವಕರ ಖಾಸಗಿತನಕ್ಕೆ ಧಕ್ಕೆಯಿಲ್ಲ ಎಂದು ಹೇಳಿತ್ತು. ಖಾಸಗಿತನವನ್ನು ಕಾಯಲು ನೇಮಕವಾದ ಸರ್ಕಾರಿ ಸಂಸ್ಥೆಯೇ ತಕರಾರಿಲ್ಲ ಎಂದರೂ ಬಾಗಿಲು ಹಾಕುವ ಅಧಿಕಾರ ಕಂಪನಿಯ ಕೈಯಲ್ಲೇ ಉಳಿಯಿತು. ಹತ್ತಾರು ವರ್ಷಗಳಿಂದ ನಡೆಯುತ್ತಿರುವ ಒಂದು ದೊಡ್ಡ ಜಗಳದ ತಿರುಳು ಇದರಲ್ಲಿದೆ.

ಕೋಟ್ಯಂತರ ಜನ ಸುದ್ದಿ ಓದುವುದು, ಮತದ ಬಗ್ಗೆ ಯೋಚಿಸುವುದು, ಔಷಧಿಯ ಬಗ್ಗೆ ತಿಳಿಯುವುದು, ನೆರೆಯವರನ್ನು ನಂಬುವುದು ಅಥವಾ ದ್ವೇಷಿಸುವುದು ಈಗ ನಾಲ್ಕಾರು ಕಂಪನಿಗಳ ಜಾಲತಾಣಗಳ ಮೂಲಕ. ಆ ತಾಣಗಳಲ್ಲಿ ಏನು ನಡೆಯುತ್ತಿದೆ ಎಂಬುದರ ಪೂರ್ಣ ದಾಖಲೆ ಇರುವುದು ಆ ಕಂಪನಿಗಳ ಬಳಿ ಮಾತ್ರ. ಹೊರಗಿನ ಸಂಶೋಧಕರಿಗೆ ಅದನ್ನು ತೆರೆದರೆ ನಮ್ಮ ನಿಮ್ಮ ಗುಟ್ಟು ಬಯಲಾಗುವ ಭಯ. ತೆರೆಯದಿದ್ದರೆ ಸಮಾಜ ಕುರುಡಾಗಿಯೇ ಇರಬೇಕು. ಎರಡೂ ಭಯಗಳು ನಿಜ. ಆದರೆ ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು ಎಂಬ ಮಾತು ನಿಜವಲ್ಲ. ಗುಟ್ಟನ್ನು ಕಾಯುತ್ತಲೇ ದತ್ತಾಂಶವನ್ನು ಅಧ್ಯಯನಕ್ಕೆ ಕೊಡುವ ದಾರಿಗಳಿವೆ, ಅವು ಹೊಸವೂ ಅಲ್ಲ. ತೀರ್ಮಾನವಾಗಬೇಕಾಗಿರುವುದು ಕೀಲಿಕೈ ಯಾರ ಬಳಿ ಇರಬೇಕು ಎಂಬುದು.

ಗುಟ್ಟು ಬಯಲಾಗುವ ಭಯಕ್ಕೆ ಆಧಾರವಿದೆ. ಕೇಂಬ್ರಿಜ್ ಅನಲಿಟಿಕಾ ಹಗರಣ ಶುರುವಾದದ್ದು ಒಬ್ಬ ಸಂಶೋಧಕರಿಂದಲೇ. ಕೇಂಬ್ರಿಜ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಕೋಗನ್ ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಒಂದನ್ನು ಮಾಡಿದರು. ಸುಮಾರು 2,70,000 ಜನ ಅದನ್ನು ಬಳಸಿದರು. ಆಗಿನ ಫೇಸ್‌ಬುಕ್ ನಿಯಮದಲ್ಲಿ ಅವರ ಸ್ನೇಹಿತರ ಮಾಹಿತಿಯೂ ಆ್ಯಪ್‌ಗೆ ಸಿಗುತ್ತಿತ್ತು. ಹಾಗಾಗಿ ಲೆಕ್ಕ 8.7 ಕೋಟಿ ಜನರವರೆಗೆ ಏರಿತು. ಆ ಮಾಹಿತಿ ಚುನಾವಣಾ ಪ್ರಚಾರದ ಕಂಪನಿಯ ಕೈ ಸೇರಿತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಮಂದಿ. ಅವರ ಸ್ನೇಹಿತರನ್ನೂ ಸೇರಿಸಿದರೆ ಮಾಹಿತಿ ಸೋರಿರಬಹುದಾದವರು 5,62,455 ಮಂದಿ ಎಂದು ಫೇಸ್‌ಬುಕ್ಕೇ ಒಪ್ಪಿಕೊಂಡಿತು. 2018ರ ಮಾರ್ಚಿನಲ್ಲಿ ಇದು ಬಯಲಾಯಿತು. ಮರುವರ್ಷ ಜುಲೈನಲ್ಲಿ ಕಂಪನಿಗೆ 500 ಕೋಟಿ ಡಾಲರ್ ದಂಡ ಬಿತ್ತು. ಬೆಂಗಳೂರಿನವರಿಗೆ ಇಂಥದ್ದರ ಪರಿಚಯ ಇನ್ನೊಂದು ರೂಪದಲ್ಲಿದೆ. 2022ರ ನವೆಂಬರಿನಲ್ಲಿ, ಮತದಾರರ ಜಾಗೃತಿಯ ಹೆಸರಿನಲ್ಲಿ ಖಾಸಗಿ ಸಂಸ್ಥೆಯೊಂದರ ಜನ ಮನೆಮನೆಗೆ ಹೋಗಿ ಮತದಾರರ ಮಾಹಿತಿ ಸಂಗ್ರಹಿಸಿದರೆಂಬ ಆರೋಪ ದೊಡ್ಡ ಸುದ್ದಿಯಾಗಿತ್ತು. ಅಧ್ಯಯನ, ಸಮೀಕ್ಷೆ, ಜಾಗೃತಿ ಎಂಬ ಒಳ್ಳೆಯ ಹೆಸರುಗಳ ಮರೆಯಲ್ಲಿ ಏನೆಲ್ಲ ನಡೆಯಬಹುದು ಎಂಬುದು ನಮಗೆ ಗೊತ್ತಿದೆ.

ಹೆಸರು, ಫೋನ್ ನಂಬರ್ ಅಳಿಸಿ ಕೊಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. 2006ರ ಆಗಸ್ಟಿನಲ್ಲಿ ಅಮೆರಿಕದ ಎಒಎಲ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಎರಡು ಕೋಟಿ ಹುಡುಕಾಟಗಳನ್ನು ಸಂಶೋಧಕರಿಗೆಂದು ಬಿಡುಗಡೆ ಮಾಡಿತು. ಹೆಸರಿನ ಬದಲು ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಕೆಲವೇ ದಿನಗಳಲ್ಲಿ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ವಯಸ್ಸಾದ ಮಹಿಳೆಯ ಮನೆ ಬಾಗಿಲಿಗೇ ಹೋಗಿ ನಿಂತರು. ಆಕೆ ಹುಡುಕಿದ್ದ ಊರು, ಕುಟುಂಬದ ಹೆಸರು, ಕಾಯಿಲೆ, ಸಾಕುನಾಯಿಯ ತೊಂದರೆ ಇಷ್ಟೇ ಸಾಕಾಗಿತ್ತು. ಅದೇ ವರ್ಷ ನೆಟ್‌ಫ್ಲಿಕ್ಸ್ ತನ್ನ ಚಂದಾದಾರರು ಸಿನಿಮಾಗಳಿಗೆ ಕೊಟ್ಟ ಅಂಕಗಳನ್ನು ಹೆಸರಿಲ್ಲದೆ ಪ್ರಕಟಿಸಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಅರವಿಂದ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಅವರು ಅದನ್ನು ಐಎಂಡಿಬಿ ತಾಣದಲ್ಲಿ ಜನ ಬಹಿರಂಗವಾಗಿ ಬರೆದ ಅಭಿಪ್ರಾಯಗಳ ಪಕ್ಕದಲ್ಲಿಟ್ಟು, ಹೆಸರಿಲ್ಲದವರಿಗೆ ಹೆಸರು ಹಚ್ಚಬಹುದೆಂದು ತೋರಿಸಿದರು. ಜಾಲತಾಣದಲ್ಲಿ ನಾವು ಯಾರ ಜೊತೆ ಮಾತಾಡುತ್ತೇವೆ, ಎಷ್ಟು ಹೊತ್ತಿಗೆ, ಯಾವುದಕ್ಕೆ ಲೈಕ್ ಒತ್ತುತ್ತೇವೆ ಎಂಬುದು ಇದಕ್ಕಿಂತ ಎಷ್ಟೋ ದಟ್ಟವಾದ ಗುರುತು. ನಮ್ಮ ಕಡೆಯಂತೂ ಸ್ನೇಹಿತರ ಪಟ್ಟಿಯಲ್ಲಿರುವ ಅಡ್ಡಹೆಸರುಗಳನ್ನು ನೋಡಿದರೆ ಊರು, ಜಾತಿ, ಧರ್ಮ ಎಲ್ಲವೂ ಊಹೆಗೆ ಸಿಗುತ್ತವೆ.

ಇದಕ್ಕೆ ಗಣಿತ ಒಂದು ಉತ್ತರ ಕೊಟ್ಟಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಡೀ ಚರ್ಚೆ ನಿಂತಿರುವುದು ಇದರ ಮೇಲೆ. ಒಂದು ಪಟ್ಟಣದಲ್ಲಿ ಸಾವಿರ ಜನರನ್ನು ಕೇಳುತ್ತೀರಿ ಎಂದುಕೊಳ್ಳಿ: ‘ಸುಳ್ಳೆಂದು ಗೊತ್ತಿದ್ದೂ ಯಾವುದಾದರೂ ಸಂದೇಶವನ್ನು ಫಾರ್ವರ್ಡ್ ಮಾಡಿದ್ದೀರಾ?’ ಯಾರು ತಾನೇ ನಿಜ ಹೇಳುತ್ತಾರೆ? ಅದಕ್ಕೆ ಒಂದು ಉಪಾಯ. ಪ್ರತಿಯೊಬ್ಬರೂ ಮರೆಯಲ್ಲಿ ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ನಿಜ ಹೇಳಲಿ. ಬಾಲ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ತಲೆ ಬಂದರೆ ‘ಹೌದು’ ಎಂತಲೂ ಬಾಲ ಬಂದರೆ ‘ಇಲ್ಲ’ ಎಂತಲೂ ಸುಮ್ಮನೆ ಹೇಳಲಿ. ಈಗ ಒಬ್ಬರು ‘ಹೌದು’ ಎಂದರೆ ಅದು ತಪ್ಪೊಪ್ಪಿಗೆಯೋ ನಾಣ್ಯದ ಆಟವೋ ಯಾರಿಗೂ ತಿಳಿಯದು. ಅವರನ್ನು ಹಿಡಿದು ಕೇಳಲು ಆಗದು. ಆದರೆ ಒಟ್ಟು ಲೆಕ್ಕ ಸಿಗುತ್ತದೆ. ಸುಮಾರು 500 ಜನ ನಿಜ ಹೇಳಿರುತ್ತಾರೆ. ಉಳಿದ 500ರಲ್ಲಿ ನಾಣ್ಯ ಹೇಳಿಸಿದ ‘ಹೌದು’ 250. ಒಟ್ಟು 400 ‘ಹೌದು’ ಬಂದರೆ ಅದರಲ್ಲಿ 250 ಕಳೆಯಿರಿ, 150 ಉಳಿಯಿತು. ನಿಜ ಹೇಳಿದ 500ರಲ್ಲಿ 150 ಅಂದರೆ ಶೇಕಡಾ 30. ಸ್ಟ್ಯಾನ್ಲಿ ವಾರ್ನರ್ ಎಂಬ ಸಂಖ್ಯಾಶಾಸ್ತ್ರಜ್ಞರು 1965ರಲ್ಲೇ ಇಂಥ ವಿಧಾನಕ್ಕೆ ದಾರಿ ಹಾಕಿಕೊಟ್ಟಿದ್ದರು. 2006ರಲ್ಲಿ ಸಿಂಥಿಯಾ ಡ್ವೋರ್ಕ್ ಮತ್ತು ಸಂಗಡಿಗರು ಇದೇ ತತ್ವವನ್ನು ಬೆಳೆಸಿ ‘ಡಿಫರೆನ್ಷಿಯಲ್ ಪ್ರೈವಸಿ’ ಎಂಬ ಗಟ್ಟಿ ಗಣಿತವಾಗಿಸಿದರು. ದತ್ತಾಂಶದಿಂದ ತೆಗೆದ ಉತ್ತರಕ್ಕೆ ಅಳೆದು ತೂಗಿದ ಏರುಪೇರನ್ನು ಬೆರೆಸುವುದು. ಒಬ್ಬ ವ್ಯಕ್ತಿ ಆ ಪಟ್ಟಿಯಲ್ಲಿದ್ದಾನೋ ಇಲ್ಲವೋ ಎಂಬುದು ಉತ್ತರವನ್ನು ಹೆಚ್ಚುಕಡಿಮೆ ಬದಲಿಸದಂತೆ ನೋಡಿಕೊಳ್ಳುವುದು.

ಇದನ್ನು ಜಾಲತಾಣದ ದತ್ತಾಂಶಕ್ಕೆ ದೊಡ್ಡ ಪ್ರಮಾಣದಲ್ಲಿ ಹೊಂದಿಸಿದ ಪ್ರಯತ್ನ ‘ಸೋಷಿಯಲ್ ಸೈನ್ಸ್ ಒನ್’. ಹಾರ್ವರ್ಡ್‌ನ ಗ್ಯಾರಿ ಕಿಂಗ್, ಸ್ಟ್ಯಾನ್‌ಫರ್ಡ್‌ನ ನೇಟ್ ಪರ್ಸಿಲಿ 2018ರ ಏಪ್ರಿಲಿನಲ್ಲಿ, ಅಂದರೆ ಕೇಂಬ್ರಿಜ್ ಅನಲಿಟಿಕಾ ಹಗರಣ ಬಯಲಾದ ಮರುತಿಂಗಳೇ, ಫೇಸ್‌ಬುಕ್ ಜೊತೆ ಒಪ್ಪಂದ ಮಾಡಿಕೊಂಡರು. ಕೆಲವು ತಿಂಗಳಲ್ಲಿ ಸಿಗಬೇಕಾದ ದತ್ತಾಂಶ ಸಿಗಲಿಲ್ಲ. ಹಣ ಕೊಟ್ಟ ಪ್ರತಿಷ್ಠಾನಗಳು ಹಿಂದೆ ಸರಿಯುತ್ತೇವೆಂದು ಎಚ್ಚರಿಸಿದವು. ಕೊನೆಗೆ 2020ರ ಫೆಬ್ರುವರಿಯಲ್ಲಿ ಸುಮಾರು 3.8 ಕೋಟಿ ಲಿಂಕ್‌ಗಳನ್ನು ಯಾವ ದೇಶದವರು, ಯಾವ ವಯಸ್ಸಿನವರು ಎಷ್ಟು ನೋಡಿದರು, ಹಂಚಿದರು ಎಂಬ ಮಾಹಿತಿ ಏರುಪೇರು ಬೆರೆಸಿ ಹೊರಬಂತು. ಜಗತ್ತಿನ ಸಂಶೋಧಕರು ಅದರ ಮೇಲೆ ಲೇಖನ ಬರೆಯತೊಡಗಿದರು. 2021ರ ಸೆಪ್ಟೆಂಬರಿನಲ್ಲಿ ಗೊತ್ತಾಯಿತು, ಆ ದತ್ತಾಂಶದಲ್ಲಿ ಅಮೆರಿಕದ ಸುಮಾರು ಅರ್ಧದಷ್ಟು ಬಳಕೆದಾರರ ಚಟುವಟಿಕೆ ಬಿಟ್ಟೇಹೋಗಿದೆ. ಅದನ್ನು ಪತ್ತೆ ಹಚ್ಚಿದ್ದು ಇಟಲಿಯ ಉರ್ಬಿನೋ ವಿಶ್ವವಿದ್ಯಾಲಯದ ಫಾಬಿಯೋ ಜಿಲಿಯೆಟ್ಟೋ, ಕಂಪನಿಯೇ ಪ್ರಕಟಿಸಿದ ಇನ್ನೊಂದು ವರದಿಯ ಪಕ್ಕದಲ್ಲಿಟ್ಟು ತಾಳೆ ನೋಡಿ. ಬೇಕೆಂದೇ ಮಾಡಿದ್ದಲ್ಲ, ತಾಂತ್ರಿಕ ತಪ್ಪು ಎಂದು ಕಂಪನಿ ಹೇಳಿತು. ಇರಬಹುದು. ಆದರೆ ಕೊಟ್ಟದ್ದು ಪೂರ್ತಿಯೋ ಅರ್ಧವೋ ಎಂದು ನೋಡುವ ಅಧಿಕಾರ ಹೊರಗಿನ ಯಾರಿಗೂ ಇರಲಿಲ್ಲವೆಂಬುದು ತಾಂತ್ರಿಕ ವಿಷಯವಲ್ಲ.

ಇಲ್ಲಿ ಕನ್ನಡದಂಥ ಭಾಷೆಗಳಿಗೆ ಸಂಬಂಧಿಸಿದ, ಹೆಚ್ಚು ಚರ್ಚೆಯಾಗದ ಒಂದು ಮಾತಿದೆ. ಬೆರೆಸುವ ಏರುಪೇರಿನ ಗಾತ್ರ ಇಂಗ್ಲಿಷ್ ಪೋಸ್ಟಿಗೂ ಕನ್ನಡ ಪೋಸ್ಟಿಗೂ ಒಂದೇ. ಕೋಟಿಗಟ್ಟಲೆ ಜನ ನೋಡಿದ ಲಿಂಕಿನ ಲೆಕ್ಕದಲ್ಲಿ ಒಂದಷ್ಟು ಸಾವಿರ ಆಚೀಚೆಯಾದರೆ ಚಿತ್ರ ಕೆಡುವುದಿಲ್ಲ. ಉಡುಪಿ ಜಿಲ್ಲೆಯೊಳಗೆ ಮಾತ್ರ ಓಡಾಡಿದ ತುಳು ವಿಡಿಯೊದ ಲೆಕ್ಕಕ್ಕೆ ಅಷ್ಟನ್ನೇ ಬೆರೆಸಿದರೆ ನಿಜ ಮುಳುಗಿಹೋಗುತ್ತದೆ. ಸೋಷಿಯಲ್ ಸೈನ್ಸ್ ಒನ್ ದತ್ತಾಂಶಕ್ಕೆ ಸೇರಲು ಒಂದು ಲಿಂಕು ಕನಿಷ್ಠ ನೂರು ಸಲ ಸಾರ್ವಜನಿಕವಾಗಿ ಹಂಚಿಕೆಯಾಗಿರಬೇಕೆಂಬ ಮಿತಿಯೂ ಇತ್ತು. ಇಂಥ ಮಿತಿಗಳು ಖಾಸಗಿತನಕ್ಕೆ ಬೇಕು, ಸರಿ. ಆದರೆ ಗಣಿತವೊಂದನ್ನೇ ನೆಚ್ಚಿಕೊಂಡರೆ ಸಣ್ಣ ಭಾಷೆ, ಸಣ್ಣ ಊರು, ಸಣ್ಣ ಸಮುದಾಯಗಳಲ್ಲಿ ಹಬ್ಬುವ ವಿಷ ಯಾವ ಅಧ್ಯಯನದಲ್ಲೂ ಕಾಣಿಸಿಕೊಳ್ಳುವುದಿಲ್ಲ. ಇಂಥ ಕಡೆ ಬೇಕಾಗುವುದು ಇನ್ನೊಂದು ವಿಧಾನ: ದತ್ತಾಂಶವನ್ನು ಹೊರಗೆ ಕಳಿಸುವ ಬದಲು ಸಂಶೋಧಕರನ್ನೇ ಒಳಗೆ ಕರೆದು ಕೂರಿಸುವುದು. ದೊಡ್ಡ ಗ್ರಂಥಾಲಯದ ಹಸ್ತಪ್ರತಿ ವಿಭಾಗದಲ್ಲಿ ಓಲೆಗರಿಯನ್ನು ಅಲ್ಲೇ ಕೂತು ಓದಿ ಟಿಪ್ಪಣಿ ಮಾಡಿಕೊಳ್ಳಬಹುದು, ಮನೆಗೆ ಒಯ್ಯುವಂತಿಲ್ಲ; ಹಾಗೆ. ಭದ್ರವಾದ ಕಂಪ್ಯೂಟರ್ ವ್ಯವಸ್ಥೆಯೊಳಗೆ ಲೆಕ್ಕ ಹಾಕಬೇಕು, ಏನು ಹುಡುಕಿದಿರಿ ಎಂಬುದು ದಾಖಲಾಗುತ್ತದೆ, ಫಲಿತಾಂಶವನ್ನು ಪರಿಶೀಲಿಸಿದ ಮೇಲಷ್ಟೇ ಹೊರಗೆ ಬಿಡುತ್ತಾರೆ.

ಫೇಸ್‌ಬುಕ್ಕಿನ ಒಡೆತನದ ಮೆಟಾ ಕಂಪನಿಯ ಈಗಿನ ‘ಕಂಟೆಂಟ್ ಲೈಬ್ರರಿ’ ಇದೇ ಮಾದರಿಯದು. ಅರ್ಜಿಗಳನ್ನು ಹೊರಗಿನ ಸಂಸ್ಥೆಯೊಂದು ಪರಿಶೀಲಿಸುವ ಏರ್ಪಾಡು. ಮಾದರಿ ಒಳ್ಳೆಯದೇ. ಆದರೆ ಅದು ಬಂದದ್ದು ಕ್ರೌಡ್‌ಟ್ಯಾಂಗಲ್ ಎಂಬ ಸಾಧನದ ಬದಲಿಗೆ. ಯಾವ ಪೋಸ್ಟ್ ಎಲ್ಲಿ ಹಬ್ಬುತ್ತಿದೆ ಎಂದು ತೋರಿಸುತ್ತಿದ್ದ ಕ್ರೌಡ್‌ಟ್ಯಾಂಗಲನ್ನು ಪತ್ರಕರ್ತರು, ಸುಳ್ಳುಸುದ್ದಿ ಪತ್ತೆಗಾರರು ಎಲ್ಲರೂ ಬಳಸುತ್ತಿದ್ದರು. ಕಂಪನಿ ಅದನ್ನು 2024ರ ಆಗಸ್ಟ್ 14ರಂದು, ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮೂರು ತಿಂಗಳಿರುವಾಗ, ಬೇಡವೆಂದವರ ಮಾತು ಕೇಳದೆ ಮುಚ್ಚಿತು. ಹೊಸದರಲ್ಲಿ ಲಾಭಕ್ಕಾಗಿ ನಡೆಯುವ ಪತ್ರಿಕೆಗಳವರಿಗೆ ಜಾಗವಿಲ್ಲ. ಟ್ವಿಟರ್ ಕಥೆ ಇನ್ನೂ ಚಿಕ್ಕದು. 2021ರಲ್ಲಿ ಸಂಶೋಧಕರಿಗೆ ಉಚಿತವಾಗಿ ತೆರೆದಿದ್ದ ಬಾಗಿಲನ್ನು ಮಾಲೀಕರು ಬದಲಾದ ಮೇಲೆ 2023ರಲ್ಲಿ ಮುಚ್ಚಲಾಯಿತು. ದೊಡ್ಡ ಪ್ರಮಾಣದ ದತ್ತಾಂಶದ ಬೆಲೆ ಆಗ ತಿಂಗಳಿಗೆ 42,000 ಡಾಲರಿನಿಂದ ಶುರುವಾಗುತ್ತಿತ್ತು.

ಮೆಟಾ ಕಂಪನಿ ಒಪ್ಪಿ, ಹಣ ಸುರಿದು, ಜೊತೆಗೂಡಿ ನಡೆಸಿದ ಅಧ್ಯಯನವೂ ಇದೆ. 2020ರ ಅಮೆರಿಕ ಚುನಾವಣೆಯ ಹೊತ್ತಿನಲ್ಲಿ ಟಾಲಿಯಾ ಸ್ಟ್ರೌಡ್, ಜೋಶುವಾ ಟಕರ್ ಮುಂದಾಳತ್ವದಲ್ಲಿ ನಡೆದ ಪ್ರಯೋಗಗಳ ಫಲಿತಾಂಶ 2023ರ ಜುಲೈನಲ್ಲಿ ‘ಸೈನ್ಸ್’ ಮತ್ತು ‘ನೇಚರ್’ ಪತ್ರಿಕೆಗಳಲ್ಲಿ ಬಂತು. ಆಲ್ಗಾರಿದಮ್ ಆರಿಸಿಕೊಡುವ ಪೋಸ್ಟ್‌ಗಳ ಬದಲು ಸಮಯದ ಕ್ರಮದಲ್ಲಿ ತೋರಿಸಿದರೆ ಜನರ ರಾಜಕೀಯ ನಿಲುವೇನೂ ಬದಲಾಗಲಿಲ್ಲ ಎಂಬುದು ಒಂದು ಫಲಿತಾಂಶ. 2024ರಲ್ಲಿ ಬೇರೆ ಸಂಶೋಧಕರು ಅದೇ ‘ಸೈನ್ಸ್’ನಲ್ಲಿ ಒಂದು ಆಕ್ಷೇಪ ಎತ್ತಿದರು: ಪ್ರಯೋಗ ನಡೆಯುತ್ತಿದ್ದಾಗಲೇ ಕಂಪನಿ ಚುನಾವಣೆಯ ತುರ್ತು ಕ್ರಮವಾಗಿ ತನ್ನ ಆಲ್ಗಾರಿದಮನ್ನು ಬದಲಿಸಿ ನಂಬಲರ್ಹವಲ್ಲದ ಸುದ್ದಿಯನ್ನು ತಗ್ಗಿಸಿತ್ತು, ಹಾಗಿದ್ದ ಮೇಲೆ ಹೋಲಿಸಿದ್ದು ಯಾವುದನ್ನು ಯಾವುದಕ್ಕೆ? ಆ ಅಧ್ಯಯನವನ್ನು ಹತ್ತಿರದಿಂದ ಗಮನಿಸಲು ನೇಮಕವಾಗಿದ್ದ ಮೈಕಲ್ ವ್ಯಾಗ್ನರ್ ಅವರ ತೀರ್ಪು ನನಗೆ ಸರಿಯೆನಿಸುತ್ತದೆ. ಸಂಶೋಧಕರು ಪ್ರಾಮಾಣಿಕರು, ಕೆಲಸ ಉತ್ತಮ. ಆದರೂ ಇದು ಅಪ್ಪಣೆ ಪಡೆದ ಸ್ವಾತಂತ್ರ್ಯ, ಮುಂದಿನವರಿಗೆ ಮಾದರಿಯಾಗಬಾರದು ಎಂದು ಅವರು ಬರೆದರು.

ಅಪ್ಪಣೆಯ ಜಾಗದಲ್ಲಿ ಕಾನೂನನ್ನು ತಂದದ್ದು ಯುರೋಪ್. 2024ರ ಫೆಬ್ರುವರಿ 17ರಿಂದ ಪೂರ್ಣವಾಗಿ ಜಾರಿಯಲ್ಲಿರುವ ಅಲ್ಲಿನ ಡಿಜಿಟಲ್ ಸೇವೆಗಳ ಕಾಯ್ದೆಯ 40ನೇ ವಿಧಿ ಯುರೋಪಿನಲ್ಲಿ ನಾಲ್ಕೂವರೆ ಕೋಟಿಗಿಂತ ಹೆಚ್ಚು ಬಳಕೆದಾರರಿರುವ ತಾಣಗಳಿಗೆ ಅನ್ವಯ. ಸಾರ್ವಜನಿಕವಾಗಿ ಕಾಣುವ ಪೋಸ್ಟ್‌ಗಳನ್ನು ಅರ್ಹ ಸಂಶೋಧಕರಿಗೆ ಕೊಡಲೇಬೇಕು. ಅದಕ್ಕಿಂತ ಒಳಗಿನ ದತ್ತಾಂಶ ಬೇಕಾದವರು ಕಂಪನಿಯನ್ನು ಬೇಡುವುದಿಲ್ಲ, ಕಂಪನಿಯ ಕಚೇರಿ ಇರುವ ದೇಶದ ನಿಯಂತ್ರಕರಿಗೆ ಅರ್ಜಿ ಹಾಕುತ್ತಾರೆ. ಹಲವು ದೊಡ್ಡ ಕಂಪನಿಗಳ ಮಟ್ಟಿಗೆ ಅದು ಐರ್ಲೆಂಡ್. ವ್ಯಾಪಾರದ ಹಿತಾಸಕ್ತಿ ಇರಬಾರದು, ಹಣ ಎಲ್ಲಿಂದ ಬಂತೆಂದು ಹೇಳಬೇಕು, ದತ್ತಾಂಶವನ್ನು ಭದ್ರವಾಗಿಡುವ ಶಕ್ತಿ ತೋರಿಸಬೇಕು, ಕೇಳಿದ್ದು ಅಧ್ಯಯನಕ್ಕೆ ಎಷ್ಟು ಬೇಕೋ ಅಷ್ಟೇ ಇರಬೇಕು, ಫಲಿತಾಂಶವನ್ನು ಉಚಿತವಾಗಿ ಪ್ರಕಟಿಸಬೇಕು. ನಿಯಂತ್ರಕರು ಒಪ್ಪಿದ ಮೇಲೆ ಕಂಪನಿಗೆ ತಕರಾರೆತ್ತಲು 15 ದಿನ. ಅಂತಿಮ ತೀರ್ಮಾನ ನಿಯಂತ್ರಕರದೇ. ಇದರ ವಿವರವಾದ ನಿಯಮಗಳು 2025ರ ಅಕ್ಟೋಬರ್ 29ರಂದು ಜಾರಿಗೆ ಬಂದವು. ಅದೇ ಡಿಸೆಂಬರಿನಲ್ಲಿ ಯುರೋಪಿಯನ್ ಕಮಿಷನ್ ಎಕ್ಸ್ (ಹಿಂದಿನ ಟ್ವಿಟರ್) ತಾಣಕ್ಕೆ 12 ಕೋಟಿ ಯೂರೊ ದಂಡ ಹಾಕಿತು. ಸಂಶೋಧಕರಿಗೆ ಸಾರ್ವಜನಿಕ ದತ್ತಾಂಶ ಕೊಡದೆ ಸತಾಯಿಸಿದ್ದು ಅದರ ಕಾರಣಗಳಲ್ಲಿ ಒಂದು.

ಆದರೆ ಆ ಕಾನೂನು ಅಧ್ಯಯನಕ್ಕೆ ಒಪ್ಪುವುದು ಯುರೋಪಿನ ಜನರಿಗಿರುವ ಅಪಾಯಗಳನ್ನು. ಕಲಬುರಗಿಯ ಅಪಾಯ ಅದರ ಲೆಕ್ಕದಲ್ಲಿಲ್ಲ.

ನಮ್ಮಲ್ಲಿ ಏನಿದೆ? ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಆಗಸ್ಟ್ 24ರ ಸುಪ್ರೀಂ ಕೋರ್ಟ್ ತೀರ್ಪಿಗೆ ಕಾರಣರಾದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಸೆಕ್ಷನ್ ಸಂಶೋಧನೆಗೆ ವಿನಾಯಿತಿ ಕೊಟ್ಟಿದೆ, ನಿಗದಿತ ಮಾನದಂಡ ಪಾಲಿಸಬೇಕು ಮತ್ತು ಆ ದತ್ತಾಂಶದಿಂದ ಯಾವ ವ್ಯಕ್ತಿಯ ಬಗೆಗೂ ತೀರ್ಮಾನ ತೆಗೆದುಕೊಳ್ಳಬಾರದು ಎಂಬ ಷರತ್ತಿನ ಮೇಲೆ. ಷರತ್ತು ಸರಿಯಾಗಿಯೇ ಇದೆ. ಆದರೆ ಈ ವಿನಾಯಿತಿ ಉಪಯೋಗಕ್ಕೆ ಬರುವುದು ದತ್ತಾಂಶ ಈಗಾಗಲೇ ಕೈಯಲ್ಲಿರುವವರಿಗೆ. ಸಂಶೋಧಕರಿಗೆ ಕೊಡಿ ಎಂದು ಕಂಪನಿಗಳಿಗೆ ಹೇಳುವ ಒಂದು ಸಾಲೂ ಅದರಲ್ಲಿಲ್ಲ. 2021ರ ಐಟಿ ನಿಯಮಗಳಂತೆ 50 ಲಕ್ಷ ಬಳಕೆದಾರರಿರುವ ತಾಣಗಳು ತಿಂಗಳಿಗೊಂದು ವರದಿ ಪ್ರಕಟಿಸುತ್ತವೆ. ಎಷ್ಟು ದೂರು ಬಂತು, ಎಷ್ಟು ಪೋಸ್ಟ್ ತೆಗೆದೆವು ಎಂಬ ಒಟ್ಟು ಅಂಕಿಗಳು. ಅಂಕಿ ಸರಿಯೇ ಎಂದು ನೋಡುವ ದಾರಿ ಯಾರಿಗೂ ಇಲ್ಲ.

ಖಾಸಗಿತನ ಕಾಪಾಡಿಕೊಂಡೇ ದತ್ತಾಂಶ ಕೊಡುವುದು ನಮಗೆ ಹೊಸತೂ ಅಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿದಾರರು ನಿಮ್ಮ ಬಗ್ಗೆ ಬರೆದುಕೊಂಡದ್ದನ್ನು ಯಾರೂ ನೋಡುವಂತಿಲ್ಲ, ಕೋರ್ಟಿನಲ್ಲೂ ಸಾಕ್ಷ್ಯವಾಗುವುದಿಲ್ಲ. ಆದರೂ ಆ ಗಣತಿಯಿಂದಲೇ ದೇಶದ ಅರ್ಧ ಸಮಾಜವಿಜ್ಞಾನ ಹುಟ್ಟಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೆಸರಿಲ್ಲದ ದಾಖಲೆಗಳನ್ನು ಜಗತ್ತಿನ ಸಂಶೋಧಕರು ವರ್ಷಗಳಿಂದ ನೋಂದಾಯಿಸಿ ಪಡೆಯುತ್ತ ಬಂದಿದ್ದಾರೆ. ಅದು ಸೇರಿರುವ ಡಿಎಚ್‌ಎಸ್ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಗಳಲ್ಲಿ ಊರಿನ ನಕ್ಷೆಯ ಬಿಂದುವನ್ನು ಬೇಕೆಂದೇ ಸರಿಸಿ ಕೊಟ್ಟಿದ್ದಾರೆ, ನಗರದ್ದನ್ನು ಎರಡು ಕಿಲೋಮೀಟರ್‌ವರೆಗೆ, ಬಹುಪಾಲು ಹಳ್ಳಿಗಳದನ್ನು ಐದರವರೆಗೆ. ತಾಯಂದಿರ ಮರಣ, ಮಕ್ಕಳ ಅಪೌಷ್ಟಿಕತೆಯಂಥ ಸೂಕ್ಷ್ಮ ವಿಷಯಕ್ಕೇ ಈ ಏರ್ಪಾಡು ಸಾಧ್ಯವಾಗಿರುವಾಗ ಜಾಲತಾಣದ ಪೋಸ್ಟಿಗೆ ಅಸಾಧ್ಯ ಎಂದರೆ ಒಪ್ಪಲಾಗದು.

ಒಂದು ಮಿತಿಯನ್ನು ಒಪ್ಪಬೇಕು. 2018ರ ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನಿಂದ ಬಂದಿದ್ದವರನ್ನು ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿ ಗುಂಪು ಹೊಡೆಯಿತು, ಒಬ್ಬರು ಸತ್ತರು. ಅಂಥ ಸಂದೇಶಗಳು ಗೂಢಲಿಪಿಯಲ್ಲಿ ಹೋಗುತ್ತವೆ, ಕಂಪನಿಗೇ ಕಾಣುವುದಿಲ್ಲ. ಆ ಗೂಢಲಿಪಿ ಒಡೆಯಿರಿ ಎಂದು ನಾನು ಹೇಳಲಾರೆ. ಇಂದು ಸಂಶೋಧಕರಿಗೆಂದು ಒಡೆದ ಬೀಗದಲ್ಲಿ ನಾಳೆ ಸರ್ಕಾರವೂ ಕೈ ಹಾಕುತ್ತದೆ. ಅಲ್ಲಿ ಉಳಿಯುವ ದಾರಿ ಜನರೇ ತಮ್ಮ ಗುಂಪುಗಳ ಸಂದೇಶಗಳನ್ನು ಒಪ್ಪಿಗೆಯಿಂದ ದಾನ ಮಾಡುವುದು, ಅಥವಾ ಯಾರು ಬೇಕಾದರೂ ಸೇರಬಹುದಾದ ಗುಂಪುಗಳನ್ನು ನೋಡುವುದು. ಕಿರಣ್ ಗರಿಮೆಲ್ಲ ಮತ್ತು ಡೀನ್ ಎಕಲ್ಸ್ 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಅಂಥ ಸಾವಿರಾರು ರಾಜಕೀಯ ಗುಂಪುಗಳನ್ನು ಅಧ್ಯಯನ ಮಾಡಿ, ಹಂಚಿದ ಚಿತ್ರಗಳಲ್ಲಿ ಸುಮಾರು ಶೇಕಡಾ 13ರಷ್ಟು ಸುಳ್ಳೆಂದು ಕಂಡರು. ಅಂಥ ಕೆಲಸದಲ್ಲೂ ಒಬ್ಬರ ಹೆಸರು ಮುಚ್ಚಿಟ್ಟರೆ ಮುಗಿಯಲಿಲ್ಲ. ಈ ಊರಿನ ಈ ಕೇರಿಯಿಂದ ವದಂತಿ ಹೊರಟಿತು ಎಂದು ಬರೆದರೆ ಇಡೀ ಕೇರಿಗೆ ಪೆಟ್ಟು ಬೀಳಬಹುದು. ನಮ್ಮ ನಿಯಮ ಗುಂಪಿನ ಗುಟ್ಟನ್ನೂ ಕಾಯಬೇಕು.

ಭಾರತದಲ್ಲಿ ಅಧಿಕೃತ ಮಾನ್ಯತೆ ಇರುವ 22 ಭಾಷೆಗಳ ಪೈಕಿ ಐದರಲ್ಲಿ ಮಾತ್ರ ತಪಾಸಣೆ ಮಾಡಲು ತನ್ನ ಕೃತಕ ಬುದ್ಧಿಮತ್ತೆಗೆ ಕಲಿಸಿರುವುದಾಗಿ ಫೇಸ್‌ಬುಕ್ 2021ರಲ್ಲಿ ಹೇಳಿತ್ತು. ಅದು ಬಾಯಿ ಬಿಟ್ಟದ್ದು ಫ್ರಾನ್ಸಿಸ್ ಹೌಗನ್ ಎಂಬ ಮಾಜಿ ಉದ್ಯೋಗಿ ಒಳಗಿನ ಕಾಗದಗಳನ್ನು ಹೊರತಂದ ಮೇಲೆ. ಒಬ್ಬ ಉದ್ಯೋಗಿಯ ಧೈರ್ಯಕ್ಕಾಗಿ ಏಳು ಕೋಟಿ ಜನರ ರಾಜ್ಯ ಕಾಯುತ್ತ ಕೂರಬಾರದು. 2025ರಲ್ಲಿ ಕರ್ನಾಟಕ ಸರ್ಕಾರ ಸುಳ್ಳುಸುದ್ದಿಗೆ ಏಳು ವರ್ಷದವರೆಗೆ ಜೈಲು ವಿಧಿಸುವ ಮಸೂದೆಯ ಕರಡು ಸಿದ್ಧಪಡಿಸಿತ್ತು. ಕನ್ನಡದಲ್ಲಿ ಸುಳ್ಳು ಎಷ್ಟು ಹಬ್ಬುತ್ತದೆ, ಯಾರು ಹಣ ಕೊಟ್ಟು ಹಬ್ಬಿಸುತ್ತಾರೆ, ಆಲ್ಗಾರಿದಮಿನ ಪಾಲೆಷ್ಟು ಎಂಬ ತಿಳಿವಳಿಕೆಯೇ ಇಲ್ಲದೆ ಶಿಕ್ಷೆ ಬರೆದರೆ ಸಿಕ್ಕಿಬೀಳುವವರು ಫಾರ್ವರ್ಡ್ ಮಾಡಿದ ಸಾಮಾನ್ಯರು.

ಬೇಕಾಗಿರುವುದು ಕೇಂದ್ರದ ಕಾನೂನು: ದೊಡ್ಡ ತಾಣಗಳು ಅರ್ಹ ಸಂಶೋಧಕರಿಗೆ ದತ್ತಾಂಶ ಕೊಡಲೇಬೇಕು, ಅರ್ಹತೆ ತೀರ್ಮಾನಿಸುವುದು ಕಂಪನಿಯೂ ಅಲ್ಲ, ಮಂತ್ರಾಲಯವೂ ಅಲ್ಲ, ಸಂಸತ್ತಿಗೆ ಉತ್ತರಿಸುವ ಸ್ವತಂತ್ರ ಮಂಡಳಿ, ಪೊಲೀಸರಿಗೆ ಆ ದತ್ತಾಂಶ ಮುಟ್ಟುವ ಹಕ್ಕಿರಬಾರದು, ಪ್ರತಿ ಭಾರತೀಯ ಭಾಷೆಯ ಅಂಕಿಗಳು ಬೇರೆಬೇರೆಯಾಗಿ ಸಿಗಬೇಕು. ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಅವುಗಳ ಮುಖ್ಯ ಭಾಗ ಜಾರಿಗೆ ಬರಲು ಹದಿನೆಂಟು ತಿಂಗಳ ಅವಕಾಶ ಕೊಟ್ಟಿದ್ದಾರೆ. ಆ ಅವಧಿ ಮುಗಿಯುವ ಮುಂಚೆ ಈ ಮಾತನ್ನು ಸಂಸತ್ತಿನಲ್ಲಿ ಎತ್ತುವಂತೆ ನಿಮ್ಮ ಕ್ಷೇತ್ರದ ಸಂಸದರಿಗೆ ಒಂದು ಪತ್ರ ಬರೆಯಿರಿ.